ಐದು ಫ್ಯಾನ್‌ಗಳ ಪ್ಯಾಕ್, ವಿಜಯಪುರದ ಬೇಸಿಗೆ: ಆರ್ಕ್ಟಿಕ್ ಪಿ12 ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಆರ್ಕ್ಟಿಕ್ ಪಿ12 ಪಿಡಬ್ಲ್ಯೂಎಂ ಪಿಎಸ್‌ಟಿ ಅನ್ನೋ, ಕಂಪ್ಯೂಟರ್ ಕೇಸ್‌ಗೆ ಹಾಕೋ ಈ ಐದು ಫ್ಯಾನ್‌ಗಳ ಪ್ಯಾಕ್ ಕೊಟ್ಟ ದುಡ್ಡಿಗೆ ಮೋಸ ಇಲ್ಲದ ಸಾಮಾನು. ಆದರೆ ತಗೊಳ್ಳೋ ಮೊದಲು ಒಂದು ವಿಷಯ ತಿಳಿದಿರಲಿ. ಇದೇ ಐದು ಫ್ಯಾನ್‌ಗಳನ್ನು ಒಂದೇ ಕೇಸ್‌ನಲ್ಲಿ ಬೇರೆ ಬೇರೆ ಜಾಗಕ್ಕೆ, ಬೇರೆ ಬೇರೆ ದಿಕ್ಕಿಗೆ ಹಾಕಿ ನೋಡಿದೆ. ಒಂದು ಜೋಡಣೆಯಲ್ಲಿ ಪ್ರೊಸೆಸರ್ ನೆಮ್ಮದಿಯಿಂದ ಕೆಲಸ ಮಾಡಿತು. ಇನ್ನೊಂದರಲ್ಲಿ ಅದೇ ಫ್ಯಾನ್, ಅದೇ ವೇಗ, ಆದರೂ ಬಿಸಿ ಮತ್ತೆ ಮೇಲಕ್ಕೆ ಹೋಯಿತು. ಗಾಳಿ ಎಲ್ಲಿಂದ ಒಳಗೆ ಬರಬೇಕು, ಯಾವ ದಾರಿ ಹಿಡಿಯಬೇಕು, ಎಲ್ಲಿ ಹೊರಗೆ ಹೋಗಬೇಕು ಅಂತ ಮೊದಲು ತೀರ್ಮಾನ ಮಾಡಿ. ಎಷ್ಟು ಫ್ಯಾನ್ ಅನ್ನೋ ಲೆಕ್ಕ ಆಮೇಲೆ.

ನನ್ನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ನಮ್ಮ ಕಡೆ ಮದುವೆಗಳೆಲ್ಲ ಬೇಸಿಗೆಯಲ್ಲೇ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಆಗಲೇ ಕಂಪ್ಯೂಟರ್‌ಗೂ ಬಿಡುವಿಲ್ಲದ ಕೆಲಸ. ಮೇಲ್ಗಡೆ ಆರ್‌ಸಿಸಿ ಸ್ಲ್ಯಾಬ್, ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹತ್ತರ ತನಕ ಬಿಡ್ತಾನೇ ಇರುತ್ತೆ. ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಆಗಿ ತಯಾರಿಸೋಕೆ) ಹಾಕಿ ಮಲಗಿದರೆ ಬೆಳಗಿನ ತನಕ ಸಿಸ್ಟಮ್ ಪೂರ್ತಿ ಲೋಡ್‌ನಲ್ಲಿ ಓಡಬೇಕು. ನನ್ನ ಸಿಸ್ಟಮ್‌ನಲ್ಲಿ ಇರೋದು ರೈಜನ್ 5 5600 ಪ್ರೊಸೆಸರ್, ಅದರ ಮೇಲೆ ಡೀಪ್‌ಕೂಲ್ ಎಕೆ400 ಟವರ್ ಕೂಲರ್ (ಪ್ರೊಸೆಸರ್ ತಣ್ಣಗಿಡೋ ತಗಡಿನ ಪದರಗಳ ಗೋಪುರ, ಅದಕ್ಕೊಂದು ಫ್ಯಾನ್), ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಕೇಸ್ ಮುಂದೆ ಮೆಶ್ (ಗಾಳಿ ಹೋಗೋ ತೂತುಗಳ ಫಲಕ) ಇರೋ ಸಾದಾ ಮಿಡ್ ಟವರ್. ಮುಂದೆ ಮೂರು, ಮೇಲೆ ಎರಡು, ಹಿಂದೆ ಒಂದು ಫ್ಯಾನ್ ಹಾಕಲು ಜಾಗ ಇದೆ.

ಆ ಪ್ರೊಸೆಸರ್‌ಗೆ ಕಂಪನಿ ಹೇಳೋ ಗರಿಷ್ಠ ಮಿತಿ 90 ಡಿಗ್ರಿ. ಅದಕ್ಕೆ ಹತ್ತಿರ ಹೋದಂತೆ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ. ಸುಟ್ಟುಹೋಗಲ್ಲ, ಹೆದರಬೇಕಾಗಿಲ್ಲ. ಆದರೆ ರೆಂಡರ್ ನಿಧಾನ ಆಗುತ್ತೆ, ಫ್ಯಾನ್‌ಗಳು ಅರಚುತ್ತವೆ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ನಿದ್ದೆ ಬರಲ್ಲ. ನನ್ನದು ಬೇಸಿಗೆ ರಾತ್ರಿಗಳಲ್ಲಿ 84, 85ರ ಆಸುಪಾಸಿನಲ್ಲಿ ಓಡುತ್ತಿತ್ತು.

ಕಾರಣ ಹುಡುಕಲು ಪಕ್ಕದ ಗಾಜು ತೆಗೆದಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಸಿಸ್ಟಮ್ ಜೋಡಿಸಿ ಕೊಟ್ಟವರು ಹಿಂದಿನ ಫ್ಯಾನನ್ನು ಒಳಮುಖವಾಗಿ ಕೂರಿಸಿದ್ದರು. ಅಂದರೆ ಟವರ್ ಕೂಲರ್‌ನ ಫ್ಯಾನ್ ಬಿಸಿ ಗಾಳಿಯನ್ನು ಹಿಂದಕ್ಕೆ ತಳ್ಳುತ್ತಿದೆ, ಹಿಂದಿನ ಫ್ಯಾನ್ ಅದಕ್ಕೆ ಎದುರಾಗಿ ಹೊರಗಿನ ಗಾಳಿಯನ್ನು ಒಳಗೆ ಊದುತ್ತಿದೆ. ಅದೂ ಫಿಲ್ಟರ್ ಇಲ್ಲದ ಜಾಲರಿಯಿಂದ. ಅದರ ಸ್ವಲ್ಪ ಕೆಳಗೇ ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಹೊರಬರೋ ತೂತುಗಳು ಬೇರೆ. ಕೆಳಗೆ ಬಿಟ್ಟ ಬಿಸಿಯನ್ನೇ ಮೇಲೆ ಮತ್ತೆ ಎಳೆದುಕೊಂಡ ಹಾಗಾಯಿತು. ಒಂದು ಕಾಲದಲ್ಲಿ ಹಿಂದಿನಿಂದ ಊದೋದೂ ಇತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನೋ ಕೇಸ್, ಮದರ್‌ಬೋರ್ಡ್ ಮಾದರಿ ತಂದಾಗ ಪವರ್ ಸಪ್ಲೈ ಫ್ಯಾನ್ ಗಾಳಿಯನ್ನು ಒಳಕ್ಕೆ, ಪ್ರೊಸೆಸರ್ ಕಡೆಗೆ ಊದಬೇಕು ಅನ್ನೋ ಯೋಚನೆ ಇತ್ತು. ಆಮೇಲೆ ಅದನ್ನು ಕೈಬಿಟ್ಟರು. ಪವರ್ ಸಪ್ಲೈನಲ್ಲಿ ಬಿಸಿಯಾದ ಗಾಳಿಯೇ ಪ್ರೊಸೆಸರ್ ಮೇಲೆ ಬೀಳೋದಾದರೆ ಏನು ಉಪಯೋಗ, ಅಲ್ವಾ.

ಫ್ಯಾನ್ ದಿಕ್ಕು ಗುರುತಿಸೋದು ಸುಲಭ. ಫ್ಯಾನಿನ ಒಂದು ಮುಖ ಪೂರ್ತಿ ತೆರೆದಿರುತ್ತೆ, ರೆಕ್ಕೆಗಳು ಕಾಣುತ್ತವೆ. ಆ ಕಡೆಯಿಂದ ಗಾಳಿ ಒಳಗೆ ಹೋಗುತ್ತೆ. ಇನ್ನೊಂದು ಮುಖದಲ್ಲಿ ಮೋಟರನ್ನು ಹಿಡಿದಿಡೋ ಮೂರೋ ನಾಲ್ಕೋ ಅಡ್ಡ ಪಟ್ಟಿಗಳು ಇರುತ್ತವೆ, ವೈರ್ ಅಲ್ಲಿಂದಲೇ ಹೊರಡುತ್ತೆ. ಗಾಳಿ ಹೊರಬರೋದು ಆ ಪಟ್ಟಿಗಳ ಕಡೆಯಿಂದ. ಕೆಲವು ಫ್ಯಾನ್‌ಗಳ ಚೌಕಟ್ಟಿನ ಮೇಲೆ ಎರಡು ಬಾಣಗಳ ಗುರುತೂ ಇರುತ್ತೆ, ಒಂದು ರೆಕ್ಕೆ ತಿರುಗೋ ದಿಕ್ಕು, ಇನ್ನೊಂದು ಗಾಳಿ ಹೋಗೋ ದಿಕ್ಕು. ಈಗ ಮಾರುಕಟ್ಟೆಯಲ್ಲಿ ರೆಕ್ಕೆ ತಿರುವು ಹಾಕಿದ ಫ್ಯಾನ್‌ಗಳೂ ಬರುತ್ತಿವೆ. ಗಾಜಿನ ಕೇಸ್‌ನಲ್ಲಿ ಚಂದದ ಮುಖ ಕಾಣಲಿ ಅಂತ ಗಾಳಿಯ ದಿಕ್ಕನ್ನೇ ತಿರುಗಿಸಿರುತ್ತಾರೆ. ಅವು ಈ ಲೆಕ್ಕಕ್ಕೆ ಸಿಗಲ್ಲ, ಕೊಳ್ಳುವಾಗ ಪೆಟ್ಟಿಗೆ ಮೇಲೆ ಓದಿಕೊಳ್ಳಿ. ಅನುಮಾನ ಬಂದರೆ ಒಂದು ತೆಳು ಕಾಗದದ ಪಟ್ಟಿ ಹಿಡಿದು ನೋಡಿ, ಅಂಟಿಕೊಂಡರೆ ಒಳಗೆ ಎಳೆಯುತ್ತಿದೆ, ಹಾರಿದರೆ ಹೊರಗೆ ತಳ್ಳುತ್ತಿದೆ.

ಈಗ ಪ್ಯಾಕ್ ವಿಷಯ. ಐದೂ 120 ಎಂಎಂ ಫ್ಯಾನ್, ಕಪ್ಪು ಬಣ್ಣ, ಲೈಟ್ ಇಲ್ಲ. ವೇಗ ನಿಮಿಷಕ್ಕೆ 200ರಿಂದ 1800 ಸುತ್ತು. ಗಾಳಿಯ ಪ್ರಮಾಣ 56.3 ಸಿಎಫ್‌ಎಂ, ಒತ್ತಡ 2.2 ಮಿಲಿಮೀಟರ್ ನೀರಿನ ಎತ್ತರದಷ್ಟು ಅಂತ ಕಂಪನಿ ಕೊಡೋ ಅಂಕಿ. ಇವೆರಡನ್ನೂ ಹೇಗೆ ಓದಬೇಕು ಅಂತ ಸ್ವಲ್ಪ ಹೇಳ್ತೀನಿ, ಯಾಕಂದರೆ ಜನ ಮೊದಲ ಅಂಕಿ ಮಾತ್ರ ನೋಡಿ ಕೊಳ್ಳುತ್ತಾರೆ. ಸಿಎಫ್‌ಎಂ ಅಂದರೆ ಒಂದು ನಿಮಿಷದಲ್ಲಿ ಎಷ್ಟು ಘನ ಅಡಿ ಗಾಳಿ ಸಾಗುತ್ತೆ ಅನ್ನೋದು. ಆದರೆ ಅದು ಎದುರಿಗೆ ಏನೂ ಅಡ್ಡಿ ಇಲ್ಲದಾಗಿನ ಲೆಕ್ಕ. ಒತ್ತಡದ ಅಂಕಿ ಅದರ ಇನ್ನೊಂದು ತುದಿ, ದಾರಿ ಪೂರ್ತಿ ಮುಚ್ಚಿದಾಗ ಫ್ಯಾನ್ ಎಷ್ಟು ಬಲವಾಗಿ ತಳ್ಳಬಲ್ಲದು ಅಂತ. ಎರಡೂ ಒಟ್ಟಿಗೆ ಎಂದಿಗೂ ಸಿಗಲ್ಲ. ನಿಜವಾದ ಕೇಸ್‌ನಲ್ಲಿ ಮೆಶ್ ಇದೆ, ಅದರ ಹಿಂದೆ ಧೂಳಿನ ಜಾಲರಿ ಇದೆ, ವೈರ್‌ಗಳಿವೆ. ಫ್ಯಾನ್ ಕೆಲಸ ಮಾಡೋದು ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ. ನಮ್ಮ ಊರಲ್ಲಿ ಜಾಲರಿ ಇಲ್ಲದೆ ಸಿಸ್ಟಮ್ ಇಡೋಕೆ ಆಗಲ್ಲ, ಆದ್ದರಿಂದ ಒತ್ತಡ ಚೆನ್ನಾಗಿರೋ ಫ್ಯಾನೇ ಬೇಕು. ಪಿ12 ಆ ಜಾತಿಯದ್ದು. ಇದೇ ಕಂಪನಿಯ ಎಫ್12 ಅಡ್ಡಿ ಇಲ್ಲದ ಜಾಗಕ್ಕೆ ಮಾಡಿದ್ದು, ಹಿಂದಿನ ಹೊರಹರಿವಿಗೆ ಅದು ಸಾಕು. ಹೆಸರು ಹತ್ತಿರ ಇರೋದರಿಂದ ಆರ್ಡರ್ ಮಾಡುವಾಗ ಒಂದು ಸಲ ನೋಡಿಕೊಳ್ಳಿ.

ಫ್ಯಾನ್ ಕೂರಿಸಿದ ಮೇಲೆ ನಾನು ಊದಿನಕಡ್ಡಿ ಹಚ್ಚಿ ನೋಡಿದೆ. ದುಡ್ಡು ಖರ್ಚಿಲ್ಲದ, ನಂಬಿಕೆ ಇಡಬಹುದಾದ ಪರೀಕ್ಷೆ ಇದು. ಕೋಣೆಯ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಕಡ್ಡಿಯನ್ನು ಮುಂದಿನ ಮೆಶ್‌ನಿಂದ ನಾಲ್ಕು ಬೆರಳು ದೂರ ಹಿಡಿಯಬೇಕು. ಹೊಗೆ ಮೊದಲು ನೆಟ್ಟಗೆ ಮೇಲಕ್ಕೆ ಏಳುತ್ತೆ, ಫ್ಯಾನ್ ಎಳೆತ ತಾಕಿದ ಕೂಡಲೇ ಬಾಗಿ ದಾರದ ಹಾಗೆ ಮೆಶ್ ಒಳಗೆ ಹೋಗುತ್ತೆ. ಗಾಜಿನ ಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟರೆ ಒಳಗೆ ಅದು ಎಲ್ಲಿ ಹೋಗುತ್ತಿದೆ ಅಂತ ಮಸುಕಾಗಿ ಕಾಣುತ್ತೆ. ಮೇಲಿನ ಎರಡೂ ಜಾಗದಲ್ಲಿ ಹೊರಮುಖ ಫ್ಯಾನ್ ಹಾಕಿದ್ದಾಗ ನೋಡಿದ್ದು ಇದು: ಮುಂದಿನ ಮೇಲ್ತುದಿಯ ಫ್ಯಾನ್ ಎಳೆದುಕೊಂಡ ಹೊಗೆ ಒಂದು ಗೇಣೂ ಮುಂದೆ ಹೋಗಲಿಲ್ಲ. ಹಾಗೇ ಮೇಲಕ್ಕೆ ತಿರುಗಿ, ಮೇಲಿನ ಮುಂಬದಿ ಫ್ಯಾನ್‌ನಿಂದ ಹೊರಗೆ ಬಂದು ನನ್ನ ಮುಖಕ್ಕೇ ಬಡಿಯಿತು. ಪ್ರೊಸೆಸರ್ ಕೂಲರ್‌ಗೆ ಅಂತ ಒಳಗೆ ತಂದ ತಣ್ಣನೆ ಗಾಳಿ ಅದನ್ನು ಮುಟ್ಟೋ ಮೊದಲೇ ಹೊರಗೆ ಹೋಗುತ್ತಿತ್ತು. ಆ ಮೇಲಿನ ಮುಂಬದಿ ಫ್ಯಾನ್ ತೆಗೆದೆ. ಹೊಗೆ ಈ ಸಲ ರ್‍ಯಾಮ್ ದಾಟಿ ನೇರ ಕೂಲರ್‌ನ ತಗಡಿನ ಪದರಗಳ ಒಳಗೆ ನುಗ್ಗಿತು, ಹಿಂದಿನ ಜಾಲರಿಯಿಂದ ಹೊರಬಂತು. ಒಂದು ಫ್ಯಾನ್ ಕಡಿಮೆ ಮಾಡಿದ್ದಕ್ಕೆ ಪ್ರೊಸೆಸರ್ ಬಿಸಿ ಎರಡು ಮೂರು ಡಿಗ್ರಿ ಇಳಿಯಿತು.

ಹಾಗಾಗಿ ಕೊನೆಗೆ ನಿಂತ ಜೋಡಣೆ ಇದು: ಮುಂದೆ ಮೂರೂ ಒಳಮುಖ, ಹಿಂದೆ ಒಂದು ಹೊರಮುಖ, ಮೇಲೆ ಹಿಂಬದಿಯ ಜಾಗದಲ್ಲಿ ಮಾತ್ರ ಒಂದು ಹೊರಮುಖ. ಮೇಲಿನ ಮುಂಬದಿ ಜಾಗ ಖಾಲಿ. ಆ ಖಾಲಿ ಜಾಲರಿಯಿಂದಲೂ ಗಾಳಿ ಸೋರುತ್ತೆ ಅಂತ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಒಳಗಿಂದ ಮುಚ್ಚಿದ್ದೇನೆ. ಕೋಣೆ 34 ಡಿಗ್ರಿ ಇದ್ದಾಗ ರೆಂಡರ್ ಹೊತ್ತಿಗೆ ಪ್ರೊಸೆಸರ್ 73ರ ಹತ್ತಿರ, ಗ್ರಾಫಿಕ್ಸ್ ಕಾರ್ಡ್ 70ರ ಹತ್ತಿರ ನಿಲ್ಲುತ್ತಿವೆ. ಮೊದಲಿಗಿಂತ ಸದ್ದೂ ಕಡಿಮೆ.

ಬೇರೆ ಜೋಡಣೆಗಳ ಬಗ್ಗೆಯೂ ಹೇಳಬೇಕು. ಐದನ್ನೂ ಒಳಮುಖ ಹಾಕಿದರೆ ಗ್ರಾಫಿಕ್ಸ್ ಕಾರ್ಡ್‌ಗೆ ತೊಂದರೆ ಇಲ್ಲ, ಆದರೆ ಪ್ರೊಸೆಸರ್ ಸುತ್ತ ಬಿಸಿ ಸುತ್ತುತ್ತಾ ಕೂರುತ್ತೆ. ಐದನ್ನೂ ಹೊರಮುಖ ಹಾಕಿದರೆ, ನಿಜ ಹೇಳಬೇಕಂದರೆ, ತಾಪಮಾನ ನಾನು ಅಂದುಕೊಂಡಷ್ಟು ಕೆಡಲಿಲ್ಲ. ಗಾಳಿ ಹೇಗೋ ಸಂದುಗಳಿಂದ ಒಳಗೆ ಬರುತ್ತೆ. ಕೆಡೋದು ಧೂಳಿನ ಲೆಕ್ಕ, ಅದನ್ನು ಮುಂದೆ ಹೇಳ್ತೀನಿ. ಇನ್ನು ಬಿಸಿ ಗಾಳಿ ತಾನಾಗೇ ಮೇಲೆ ಏಳುತ್ತೆ, ಅದಕ್ಕೆ ಮೇಲ್ಗಡೆ ಎಷ್ಟು ಫ್ಯಾನ್ ಇದ್ದರೆ ಅಷ್ಟು ಒಳ್ಳೇದು ಅನ್ನೋ ಮಾತು ಬಹಳ ಕೇಳ್ತೀವಿ. ಬಿಸಿ ಗಾಳಿ ಏಳೋದು ನಿಜ. ಆದರೆ ಕೇಸ್ ಅಷ್ಟು ಚಿಕ್ಕ ಜಾಗದಲ್ಲಿ ಆ ಏಳೋ ಬಲ ಫ್ಯಾನ್ ತಳ್ಳೋ ಬಲದ ಮುಂದೆ ಏನೂ ಅಲ್ಲ. ಫ್ಯಾನ್ ಎತ್ತ ತಳ್ಳುತ್ತೋ ಗಾಳಿ ಅತ್ತ ಹೋಗುತ್ತೆ. ಮೇಲ್ಗಡೆ ಹಿಂಬದಿಯ ಫ್ಯಾನ್ ಕೆಲಸಕ್ಕೆ ಬರೋದು ಪ್ರೊಸೆಸರ್ ಅಲ್ಲೇ ಪಕ್ಕದಲ್ಲಿ ಇರೋದರಿಂದ. ಮುಂದಿನ ಬಾಗಿಲು ತೆಗೆದು ಹಿತ್ತಲ ಬಾಗಿಲು ತೆಗೆದರೆ ಮನೆ ತುಂಬಾ ಗಾಳಿ ಆಡುತ್ತಲ್ಲ, ಕೇಸ್‌ನಲ್ಲೂ ಅದೇ ದಾರಿ ಬೇಕು.

ಫ್ಯಾನ್ ಹೆಚ್ಚಿಸುತ್ತಾ ಹೋದರೆ ಲಾಭ ಯಾಕೆ ಕಡಿಮೆ ಆಗುತ್ತೆ ಅನ್ನೋದಕ್ಕೆ ಸುಲಭದ ಲೆಕ್ಕ ಇದೆ. ನನ್ನ ಗ್ರಾಫಿಕ್ಸ್ ಕಾರ್ಡ್ 170 ವ್ಯಾಟ್‌ನದು, ಪ್ರೊಸೆಸರ್ ಪೂರ್ತಿ ಲೋಡ್‌ನಲ್ಲಿ 76 ವ್ಯಾಟ್ ತನಕ ಎಳೆಯುತ್ತೆ, ಮದರ್‌ಬೋರ್ಡ್, ಡಿಸ್ಕ್ ಎಲ್ಲ ಸೇರಿ 300 ವ್ಯಾಟ್ ಅಂತ ಇಟ್ಟುಕೊಳ್ಳಿ. ಆ ಕರೆಂಟೆಲ್ಲ ಕೊನೆಗೆ ಬಿಸಿಯೇ. ನಿಮಿಷಕ್ಕೆ 50 ಘನ ಅಡಿ ಗಾಳಿ ಕೇಸ್ ಮೂಲಕ ಹಾದುಹೋದರೆ ಆ ಗಾಳಿ ಸುಮಾರು 10 ಡಿಗ್ರಿ ಬಿಸಿಯಾಗಿ ಹೊರಬರುತ್ತೆ. 100 ಘನ ಅಡಿ ಆದರೆ 5 ಡಿಗ್ರಿ. 200 ಆದರೆ ಎರಡೂವರೆ. ಮೊದಲ ಹೆಜ್ಜೆಯಲ್ಲಿ 5 ಡಿಗ್ರಿ ಉಳಿಯಿತು, ಎರಡನೇ ಹೆಜ್ಜೆಗೆ ಎರಡು ಪಟ್ಟು ಗಾಳಿ ಸೇರಿಸಿದರೂ ಉಳಿದಿದ್ದು ಎರಡೂವರೆ ಮಾತ್ರ. ಒಂದೆರಡು ಫ್ಯಾನ್ ಇದ್ದ ಕೇಸ್‌ಗೆ ಇನ್ನೆರಡು ಸರಿಯಾದ ಜಾಗದಲ್ಲಿ ಸೇರಿಸಿದರೆ ವ್ಯತ್ಯಾಸ ಗೊತ್ತಾಗುತ್ತೆ. ಐದು ಇದ್ದದ್ದಕ್ಕೆ ಏಳು ಮಾಡಿದರೆ ದುಡ್ಡು ಮಾತ್ರ ಹೋಗುತ್ತೆ.

ಹಾಗಾದರೆ ಮುಂದೆ ಮೂರು ಯಾಕೆ? ಸದ್ದಿಗೋಸ್ಕರ. ಫ್ಯಾನ್ ವೇಗ ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧ ಆಗುತ್ತೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ. ಅದೇ ಒಂದರ ಜೊತೆ ಅಂಥದ್ದೇ ಇನ್ನೊಂದು ಫ್ಯಾನ್ ಇಟ್ಟರೆ ಸದ್ದು ಏರೋದು 3 ಡೆಸಿಬೆಲ್ ಅಷ್ಟೇ. ಒಂದು ಫ್ಯಾನ್ ಪೂರ್ತಿ ವೇಗದಲ್ಲಿ ಓಡಿಸೋದಕ್ಕಿಂತ ಎರಡನ್ನು ಅರ್ಧ ವೇಗದಲ್ಲಿ ಓಡಿಸಿದರೆ ಗಾಳಿ ಅಷ್ಟೇ, ಕಿವಿಗೆ ಹಿತ. ಈ ಪ್ಯಾಕ್‌ನ ಬೆಲೆ ಬಿಡಿ ಬಿಡಿಯಾಗಿ ಐದು ಕೊಳ್ಳೋದಕ್ಕಿಂತ ಕಡಿಮೆ ಬೀಳೋದರಿಂದ ಈ ದಾರಿ ಕೈಗೆಟಕುತ್ತೆ. ಪ್ಯಾಕ್ ತಗೊಳ್ಳಿ ಅಂತ ಹೇಳೋಕೆ ನನ್ನ ಮುಖ್ಯ ಕಾರಣ ಇದೇ.

ಧೂಳಿನ ಮಾತು ಉದ್ದ ಇದೆ, ತಪ್ಪಿಸೋಕೆ ಆಗಲ್ಲ. ವಿಜಯಪುರ, ಬಾಗಲಕೋಟೆ ಕಡೆ ಇದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ರಸ್ತೆ ಧೂಳು, ಸುಗ್ಗಿಯಲ್ಲಿ ರಾಶಿ ಹೊಟ್ಟು, ಆಷಾಢದ ಗಾಳಿ ಎದ್ದರೆ ಕೇಳಲೇಬೇಡಿ, ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆ ಹೆಸರು ಬರೆಯಬಹುದು. ಕೇಸ್‌ಗೆ ಧೂಳು ಎಷ್ಟು ಹೋಗುತ್ತೆ ಅನ್ನೋದು ಒಳಗೆ ಬರೋ ಗಾಳಿ ಜಾಸ್ತಿಯೋ ಹೊರಗೆ ಹೋಗೋದು ಜಾಸ್ತಿಯೋ ಅನ್ನೋದರ ಮೇಲೆ ನಿಂತಿದೆ. ಒಳಗೆ ತರೋ ಫ್ಯಾನ್‌ಗಳ ಬಲ ಜಾಸ್ತಿ ಇದ್ದರೆ ಕೇಸ್ ಒಳಗಿನ ಒತ್ತಡ ಹೊರಗಿಗಿಂತ ಒಂಚೂರು ಹೆಚ್ಚಿರುತ್ತೆ. ಆಗ ಸಂದುಗೊಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತೆ. ಒಳಗೆ ಬರೋ ಗಾಳಿ ಹೆಚ್ಚುಕಡಿಮೆ ಎಲ್ಲವೂ ಜಾಲರಿ ದಾಟಿಯೇ ಬರಬೇಕು. ಹೊರಗೆ ತಳ್ಳೋದು ಜಾಸ್ತಿ ಆದರೆ ಉಲ್ಟಾ. ಕೇಸ್ ಸಿಕ್ಕ ಸಿಕ್ಕ ಸಂದಿನಿಂದ ಗಾಳಿ ಎಳೆಯುತ್ತೆ, ಅಲ್ಲಿ ಯಾವ ಜಾಲರಿಯೂ ಇರಲ್ಲ.

ಬಾಗಲಕೋಟೆ ನವನಗರದಲ್ಲಿ ನನ್ನ ಸ್ನೇಹಿತನ ಡಿಟಿಪಿ ಅಂಗಡಿ ಇದೆ. ಅವನ ಸಿಸ್ಟಮ್ ನೋಡಿ ಬಾ ಅಂತ ಕರೆದಿದ್ದ. ಹಿಂದೆ ಕೈ ಇಟ್ಟು, “ದೋಸ್ತ, ಗಾಳಿ ಇಷ್ಟ ಜೋರ ಬರಾಕತ್ತೈತಿ ನೋಡು, ಮತ್ಯಾಕ ಬಿಸಿ ಆಗತೈತಿ?” ಅಂದ. ಗಾಳಿ ಜೋರಾಗೇ ಬರುತ್ತಿತ್ತು. ಹಿಂದೆ ಒಂದು, ಮೇಲೆ ಎರಡು, ಮುಂದೆ ಎರಡು, ಎಲ್ಲವೂ ಹೊರಗೇ ತಳ್ಳುತ್ತಿದ್ದವು. ಕೇಸ್ ಬಿಚ್ಚೋ ಮೊದಲೇ ಅದು ಗೊತ್ತಾಗಿತ್ತು, ಮುಂದಿನ ಯುಎಸ್‌ಬಿ ಪೋರ್ಟ್‌ಗಳಿಂದ. ಪೆನ್‌ಡ್ರೈವ್ ಹಾಕೋ ಆ ಸಣ್ಣ ಬಾಯಿಯೊಳಗೆ ಬೂದು ಬಣ್ಣದ ಧೂಳು ಹತ್ತಿಯ ಹಾಗೆ ಕೂತಿತ್ತು. ಹಿಂದೆ ಕಾರ್ಡ್ ಹಾಕೋ ಖಾಲಿ ಪಟ್ಟಿಗಳ ಅಂಚಿಗೆ, ಪಕ್ಕದ ಬಾಗಿಲು ಕೂಡೋ ಸಂದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಂತೆ ಧೂಳಿನ ಗೆರೆ. ಸಂದುಗಳಲ್ಲಿ ಹೀಗೆ ಗೆರೆ ಕಂಡರೆ ನಿಮ್ಮ ಕೇಸ್ ಕದ್ದು ಗಾಳಿ ಎಳೆಯುತ್ತಿದೆ ಅಂತ ಅರ್ಥ. ಮುಂದಿನ ಎರಡನ್ನೂ ತಿರುಗಿಸಿ ಒಳಮುಖ ಮಾಡಿದೆವು, ಮೇಲಿನ ಒಂದನ್ನು ಬಿಚ್ಚಿ ತೆಗೆದೆವು. ಹೊಸ ಸಾಮಾನು ಏನೂ ತರಲಿಲ್ಲ. ಸ್ಕ್ರೂ ಡ್ರೈವರ್ ಒಂದೇ ಸಾಕಾಯಿತು.

ಜಾಲರಿ ಇದ್ದರೆ ಅದನ್ನು ತೊಳೆಯೋ ಕೆಲಸವೂ ಇದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೆಗೆದು ಝಾಡಿಸಿ, ತಿಂಗಳಿಗೊಮ್ಮೆ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ತುಂಬಿಹೋದ ಜಾಲರಿ ಇರೋದಕ್ಕಿಂತ ಇಲ್ಲದಿರೋದೇ ವಾಸಿ ಅನ್ನೋ ಮಟ್ಟಕ್ಕೆ ಗಾಳಿ ಕಟ್ಟಿಹಾಕುತ್ತೆ. ಬ್ಲೋವರ್ ಬಿಡುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ಅದರ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗಬಹುದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ಸಿಸ್ಟಮ್ ಒಯ್ದು ಗಾಳಿ ಹೊಡೆಸೋದು ನಮ್ಮ ಕಡೆ ರೂಢಿ, ದಯವಿಟ್ಟು ಬೇಡ. ಆ ಗಾಳಿಯಲ್ಲಿ ನೀರಿನ ಹನಿ, ಎಣ್ಣೆ ಎರಡೂ ಬರುತ್ತವೆ.

ಕೇಸ್ ಇಡೋ ಜಾಗದ ಬಗ್ಗೆ ಯಾರೂ ಮಾತಾಡಲ್ಲ. ನಮ್ಮಲ್ಲಿ ಸಿಗೋ ಕಂಪ್ಯೂಟರ್ ಟೇಬಲ್‌ಗಳಲ್ಲಿ ಸಿಪಿಯು ಇಡಲು ಅಂತ ಒಂದು ಗೂಡು ಇರುತ್ತೆ, ಮೂರು ಕಡೆ ಹಲಗೆ, ಕೆಲವಕ್ಕೆ ಮುಂದೆ ಬಾಗಿಲೂ ಇರುತ್ತೆ. ಅದರೊಳಗೆ ಇಟ್ಟರೆ ಹಿಂದೆ ಬಿಟ್ಟ ಬಿಸಿ ಗಾಳಿ ಹಲಗೆಗೆ ಬಡಿದು ಸುತ್ತು ಹಾಕಿ ಮುಂದಿನ ಫ್ಯಾನ್‌ಗೇ ಬರುತ್ತೆ. ಎಂಥ ಫ್ಯಾನ್ ಹಾಕಿದರೂ ಆಗ ಪ್ರಯೋಜನ ಇಲ್ಲ. ಹೊರಗೆ ಇಡಿ, ಹಿಂದೆ ಗೋಡೆಗೆ ಒಂದು ಗೇಣಾದರೂ ಬಿಡಿ. ಕೆಳಗೆ ಚಿಕ್ಕ ಸ್ಟ್ಯಾಂಡ್ ಇದ್ದರೆ ಇನ್ನೂ ಒಳ್ಳೇದು, ಪವರ್ ಸಪ್ಲೈ ತಳದಿಂದಲೇ ತನ್ನ ಗಾಳಿ ಎಳೆದುಕೊಳ್ಳುತ್ತೆ. ತಳದಲ್ಲಿ ಜಾಲರಿ ಇರೋ ಕೇಸ್ ಆದರೆ ಅದರ ಫ್ಯಾನ್ ಕೆಳಮುಖವಾಗಿಯೇ ಇರಲಿ.

ಕೋಣೆಗೆ ಇಡೋ ಏರ್ ಕೂಲರ್ ಬಗ್ಗೆ ಕೇಳ್ತಾರೆ. ಫ್ಯಾನ್ ಯಾವತ್ತೂ ಕೋಣೆಯ ತಾಪಮಾನಕ್ಕಿಂತ ಕೆಳಗೆ ತಣ್ಣಗೆ ಮಾಡಲಾರದು, ಹಾಗಾಗಿ ಕೋಣೆ ಐದು ಡಿಗ್ರಿ ತಣ್ಣಗಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ. ನಮ್ಮ ಒಣ ಬೇಸಿಗೆಯಲ್ಲಿ ಕೂಲರ್ ಚೆನ್ನಾಗೇ ಕೆಲಸ ಮಾಡುತ್ತೆ. ಆದರೆ ಅದರ ಗಾಳಿ ನೇರವಾಗಿ ಕೇಸ್ ಮೇಲೆ ಬೀಳೋದು ಬೇಡ. ಪ್ಯಾಡ್‌ಗೆ ನೀರು ಜಾಸ್ತಿ ಬಿಟ್ಟಾಗ ಸಣ್ಣ ಹನಿಗಳು ಹಾರುತ್ತವೆ. ಕೂಲರ್ ಕಿಟಕಿ ಹತ್ತಿರ, ಸಿಸ್ಟಮ್ ಅದರ ಎದುರು ಮೂಲೆಯಲ್ಲಿ, ಇನ್ನೊಂದು ಕಿಟಕಿ ತೆರೆದಿರಲಿ. ಜೋಡಣೆ ಹೋಲಿಸುವಾಗಲೂ ಕೋಣೆಯ ತಾಪಮಾನ ಬರೆದುಕೊಂಡು ಅದನ್ನು ಕಳೆದು ನೋಡಿ. ಮೇ ಮಧ್ಯಾಹ್ನದ ಅಂಕಿಯನ್ನು ಡಿಸೆಂಬರ್ ರಾತ್ರಿಯದರ ಜೊತೆ ಸುಮ್ನೆ ಹೋಲಿಸಿದರೆ ಅರ್ಥ ಇಲ್ಲ. ಬೆಳಗಾವಿಯಲ್ಲಿ ಇರೋರ ಅಂಕಿ ನೋಡಿ ಇಲ್ಲಿಯವರು ತಲೆ ಕೆಡಿಸಿಕೊಳ್ಳೋದೂ ಬೇಡ, ಅವರ ಹವೆಯೇ ಬೇರೆ.

ವೈರಿಂಗ್‌ನಲ್ಲಿ ಈ ಪ್ಯಾಕ್ ನಿಜಕ್ಕೂ ಇಷ್ಟ ಆಯಿತು. ಪಿಎಸ್‌ಟಿ ಅಂದರೆ ಪ್ರತಿ ಫ್ಯಾನ್‌ನ ವೈರ್ ತುದಿಯಲ್ಲಿ ಇನ್ನೊಂದು ಫ್ಯಾನ್ ಚುಚ್ಚಲು ಜಾಗ ಇರುತ್ತೆ. ಮುಂದಿನ ಮೂರನ್ನು ಸರಪಳಿಯಂತೆ ಕೂಡಿಸಿ ಮದರ್‌ಬೋರ್ಡ್‌ನ ಒಂದೇ ಹೆಡರ್‌ಗೆ (ಫ್ಯಾನ್ ಚುಚ್ಚೋ ಪಿನ್‌ಗಳ ಜಾಗ) ಕೊಟ್ಟೆ, ಹೊರಹೋಗೋ ಎರಡನ್ನು ಇನ್ನೊಂದಕ್ಕೆ. ಹಲವು ಫ್ಯಾನ್ ಕೂಡಿಸೋ ಹಬ್ ಬೇಕಾಗಲಿಲ್ಲ. ಸಾಮಾನ್ಯ ಹೆಡರ್ ಒಂದು ಆಂಪಿಯರ್ ತನಕ ಕೊಡುತ್ತೆ, ಫ್ಯಾನ್ ಸ್ಟಿಕ್ಕರ್ ಮೇಲಿನ ಆಂಪಿಯರ್ ಕೂಡಿಸಿ ಅದರೊಳಗೆ ಬರುತ್ತಾ ನೋಡಿಕೊಳ್ಳಿ. ಸರಪಳಿಯಲ್ಲಿ ಒಂದೇ ಫ್ಯಾನಿನ ವೇಗ ಮಾತ್ರ ಪರದೆ ಮೇಲೆ ಕಾಣುತ್ತೆ. ಉಳಿದದ್ದರಲ್ಲಿ ಒಂದು ನಿಂತರೂ ತಿಳಿಯಲ್ಲ, ಆಗಾಗ ಕಣ್ಣಾರೆ ನೋಡಬೇಕು.

ಎರಡು ಗುಂಪು ಬೇರೆ ಬೇರೆ ಹೆಡರ್‌ನಲ್ಲಿ ಇದ್ದರೆ ಒಳಗೆ ಬರೋದನ್ನು ಹೊರಗೆ ಹೋಗೋದಕ್ಕಿಂತ ಸದಾ ಸ್ವಲ್ಪ ಮೇಲೆ ಇಡಬಹುದು. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಒಳ ಸೆಟ್ಟಿಂಗ್) ಕೇಸ್ ಫ್ಯಾನ್‌ಗಳು ಸಾಮಾನ್ಯವಾಗಿ ಪ್ರೊಸೆಸರ್ ತಾಪಮಾನ ನೋಡಿ ಏರುತ್ತವೆ, ಇಳಿಯುತ್ತವೆ. ಅದು ಕ್ಷಣಕ್ಕೊಮ್ಮೆ ಜಿಗಿಯೋದರಿಂದ ಫ್ಯಾನ್ ಸದ್ದೂ ಉಸಿರು ಬಿಟ್ಟ ಹಾಗೆ ಏರಿಳಿಯುತ್ತೆ. ನಾನು ಫ್ಯಾನ್ ಕಂಟ್ರೋಲ್ ಅನ್ನೋ ಉಚಿತ ತಂತ್ರಾಂಶ ಹಾಕಿ, ಮುಂದಿನ ಮೂರನ್ನು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡರಲ್ಲಿ ಯಾವುದು ಬಿಸಿಯೋ ಅದರ ಪ್ರಕಾರ ಓಡುವಂತೆ ಇಟ್ಟಿದ್ದೇನೆ. ರೆಂಡರ್‌ನಲ್ಲಿ ಜಾಸ್ತಿ ಬಿಸಿ ಬಿಡೋದು ಗ್ರಾಫಿಕ್ಸ್ ಕಾರ್ಡೇ, ಅದು ತನ್ನ ಬಿಸಿಯನ್ನು ಬಹುಪಾಲು ಕೇಸ್ ಒಳಗೇ ಚೆಲ್ಲುತ್ತೆ. ಅದಕ್ಕೆ ನೇರ ಗಾಳಿ ಕೊಡೋದು ಮುಂದಿನ ಕೆಳಗಿನ ಫ್ಯಾನ್. ಯಾವುದೇ ಫ್ಯಾನ್‌ಗೂ ಒಂದು ವೇಗದಲ್ಲಿ ಕೇಸ್ ತಗಡಿನ ಜೊತೆ ಸೇರಿ ಗುಂಯ್ ಅನ್ನೋ ಸದ್ದು ಬರುತ್ತೆ. ನಿಧಾನಕ್ಕೆ ವೇಗ ಏರಿಸುತ್ತಾ ಕಿವಿಗೊಟ್ಟು ಆ ಜಾಗ ಹುಡುಕಿ, ಫ್ಯಾನ್ ಆ ವೇಗದಲ್ಲಿ ನಿಲ್ಲದಂತೆ ತಂತ್ರಾಂಶದಲ್ಲಿ ಇಟ್ಟುಬಿಡಿ.

ಯಾರಿಗೆ ಈ ಪ್ಯಾಕ್ ಬೇಡ? ಆಫೀಸ್ ಕೆಲಸಕ್ಕೆ, ಟೈಪಿಂಗ್‌ಗೆ ಇರೋ ಸಿಸ್ಟಮ್‌ಗೆ ಐದು ಫ್ಯಾನ್ ಹೆಚ್ಚಾಯಿತು. ಮುಂದೆ ಒಂದು ಅಥವಾ ಎರಡು ಒಳಮುಖ, ಹಿಂದೆ ಒಂದು ಹೊರಮುಖ ಸಾಕು. ಗಾಜಿನೊಳಗೆ ಬಣ್ಣದ ಲೈಟ್ ಬೇಕು ಅನ್ನೋರಿಗೂ ಇದು ಅಲ್ಲ. ಗಾಂಧಿ ಚೌಕದ ಸುತ್ತಮುತ್ತ ಅಂಗಡಿಗಳಲ್ಲಿ ಕೇಳಿದರೆ ಮೊದಲು ತೋರಿಸೋದು ಲೈಟ್ ಇರೋ ಫ್ಯಾನ್‌ಗಳನ್ನೇ. ಅದರಲ್ಲಿ ತಪ್ಪೇನಿಲ್ಲ, ಆದರೆ ಪಿನ್ ನೋಡಿ ತಗೊಳ್ಳಿ. ನಾಲ್ಕು ಪಿನ್ನಿನದಾದರೆ ವೇಗ ಹಿಡಿತದಲ್ಲಿರುತ್ತೆ. ಪವರ್ ಸಪ್ಲೈನಿಂದ ನೇರ ಮೊಲೆಕ್ಸ್ ಅನ್ನೋ ಕರೆಂಟ್ ಪ್ಲಗ್ ಚುಚ್ಚೋ ಫ್ಯಾನ್ ಆದರೆ ರಾತ್ರಿ ಹಗಲು ಒಂದೇ ವೇಗ, ಒಂದೇ ಸದ್ದು.

ಕೇಸ್‌ನ ಮುಂಭಾಗ ಪೂರ್ತಿ ಗಾಜು, ಬದಿಯಲ್ಲಿ ಬೆರಳು ತೂರದಷ್ಟು ಸಂದು, ಇಂಥದ್ದು ನಿಮ್ಮದಾದರೆ ಈ ಫ್ಯಾನ್ ಆರ್ಡರ್ ಮಾಡೋ ಮೊದಲು ಒಂದು ಕೆಲಸ ಮಾಡಿ. ಮುಂದಿನ ಪ್ಯಾನಲ್ ಕಳಚಿಟ್ಟು ಅರ್ಧ ಗಂಟೆ ರೆಂಡರ್ ಓಡಿಸಿ. ತಾಪಮಾನ ಏಳೆಂಟು ಡಿಗ್ರಿ ಇಳಿದರೆ ಕೊರತೆ ಇರೋದು ಫ್ಯಾನ್‌ನಲ್ಲಿ ಅಲ್ಲ, ದಾರಿಯಲ್ಲಿ. ಆ ದುಡ್ಡನ್ನು ಮೆಶ್ ಇರೋ ಕೇಸ್‌ಗೆ ಹಾಕಿ. ಏನೂ ಇಳಿಯದಿದ್ದರೆ ಫ್ಯಾನ್‌ಗಳ ದಿಕ್ಕು ನೋಡಿ. ಅದೂ ಸರಿ ಇದ್ದರೆ ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿರಬಹುದು, ಅದನ್ನು ಒರೆಸಿ ಹೊಸದಾಗಿ ಹಚ್ಚಿ.